ಡಿ ಡ್ರೈವ್ ಕಾಣೆ: ಬಾಧಿತ ಗೃಹಸ್ಥರಿಗೆ ತಜ್ಞ ಸಲಹೆ

ರಾತ್ರಿ ‘ಅಪ್‌ಡೇಟ್ ಅಂಡ್ ಶಟ್‌ಡೌನ್’ ಒತ್ತಿ ಮಲಗಿದ ಗೃಹಸ್ಥರು ಬೆಳಗ್ಗೆ ಎದ್ದು ನೋಡಿದರೆ ಸಿ ಡ್ರೈವ್ ಇದೆ, ಡಿ ಇಲ್ಲ. ಇಂಥ ಹೊತ್ತಿನಲ್ಲಿ ಮೊದಲು ಮನೆಯ ಮಕ್ಕಳನ್ನು ಬೈಯಬೇಕು. ಬೈದದ್ದರಿಂದ ಡ್ರೈವ್ ಮರಳಿದ ದಾಖಲೆ ಇಲ್ಲ, ಆದರೆ ತನಿಖೆ ಎಲ್ಲಿಂದಾದರೂ ಶುರುವಾಗಲೇಬೇಕಲ್ಲ. ಆಮೇಲೆ ರೀಸ್ಟಾರ್ಟ್. ಸರಿಹೋಗದಿದ್ದರೆ ಇನ್ನೊಂದು ರೀಸ್ಟಾರ್ಟ್, ಈ ಸಲ ಸ್ವಲ್ಪ ಗಂಭೀರವಾಗಿ.

ಈ ಕ್ಷೇತ್ರದಲ್ಲಿ ಬಹುಕಾಲ ಪಳಗಿದ ನನ್ನಂಥವರ ಅಭಿಪ್ರಾಯ ಕೇಳಿದರೆ, ಡ್ರೈವುಗಳು ಬಹುಮಟ್ಟಿಗೆ ಕಾಣೆಯಾಗುವುದೇ ಇಲ್ಲ. ಪಹಣಿಯಲ್ಲಿ ಹೆಸರು ಬಿಟ್ಟುಹೋದ ರೈತನ ಹಾಗೆ ಅವು ಇದ್ದಲ್ಲೇ ಇರುತ್ತವೆ. ಕಚೇರಿಯ ಲೆಕ್ಕದಲ್ಲಿ ಮಾತ್ರ ಇರುವುದಿಲ್ಲ. ಡಿಸ್ಕಿನ ಯಾವ ಪಾಲಿಗೆ ಯಾವ ಅಕ್ಷರ ಎಂಬುದನ್ನು ವಿಂಡೋಸ್ ತನ್ನ ರಿಜಿಸ್ಟ್ರಿಯಲ್ಲಿ ಬರೆದಿಟ್ಟುಕೊಂಡಿರುತ್ತದೆ. ಅಪ್‌ಡೇಟಿನ ಗದ್ದಲದಲ್ಲಿ ಆ ನಮೂದು ತಪ್ಪಿತೋ, ಗೃಹಪ್ರವೇಶದ ವಿಡಿಯೊ, ನುಡಿಯಲ್ಲಿ ಟೈಪು ಮಾಡಿದ ಲಗ್ನಪತ್ರಿಕೆ, ‘ನ್ಯೂ ಫೋಲ್ಡರ್’ ಹೆಸರಿನ ಅಸಂಖ್ಯ ಫೋಲ್ಡರುಗಳು ಎಲ್ಲವೂ ಕ್ಷೇಮವಾಗಿದ್ದೂ ಇಲ್ಲವಾಗುತ್ತವೆ. ಅಂದಹಾಗೆ, ಎ ಮತ್ತು ಬಿ ಅಕ್ಷರಗಳು ಫ್ಲಾಪಿಗಳಿಗೆ ಮೀಸಲಾಗಿದ್ದವು. ಫ್ಲಾಪಿಗಳು ತೀರಿಕೊಂಡು ಎಷ್ಟೋ ಕಾಲವಾದರೂ ಹಾರ್ಡ್ ಡಿಸ್ಕುಗಳು ಇಂದಿಗೂ ಸಿ ಯಿಂದಲೇ ಶುರುವಾಗುತ್ತವೆ. ಖಾಲಿ ಬಿದ್ದ ಎರಡು ಸೈಟು ಇಷ್ಟು ವರ್ಷ ಒತ್ತುವರಿಯಾಗದೆ ಉಳಿದಿರುವುದು ನಮ್ಮ ಕಾಲದ ಅಚ್ಚರಿಗಳಲ್ಲೊಂದು.

ಪರಿಹಾರ ಸರಳ, ಆದ್ದರಿಂದಲೇ ಅದನ್ನು ಯಾರೂ ಮೊದಲು ಮಾಡುವುದಿಲ್ಲ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಬೇಕು. ಅಲ್ಲಿ ನೀಲಿ ಪಟ್ಟಿ ಹೊತ್ತು, ಆದರೆ ಅಕ್ಷರವಿಲ್ಲದೆ ಕೂತಿರುವುದೇ ನಿಮ್ಮ ಡ್ರೈವ್. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಅಕ್ಷರ ಕೊಟ್ಟರೆ ಮುಗಿಯಿತು. ಪಟ್ಟಿ ಕಪ್ಪಾಗಿದ್ದು ‘ಅನ್‌ಅಲೊಕೇಟೆಡ್’ ಎಂದಿದ್ದರೆ ಮೌಸಿನಿಂದ ಕೈ ತೆಗೆದು ಕಾಫಿ ಕುಡಿಯಲು ಹೋಗಬೇಕು. ಆದರೆ ಸಂಪ್ರದಾಯದಂತೆ ಇದಕ್ಕೆಲ್ಲ ಮುಂಚೆ ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗನಿಗೆ ಫೋನ್ ಮಾಡಬೇಕು. ಓದುತ್ತಿರುವುದು ಸಿವಿಲ್ ಆದರೂ ಅಡ್ಡಿಯಿಲ್ಲ. “ಮಾಮ, ಏನೂ ಮುಟ್ಬೇಡಿ, ಭಾನುವಾರ ಬರ್ತೀನಿ” ಎನ್ನುತ್ತಾನೆ. ಯಾವ ಭಾನುವಾರ ಎಂದು ಕೇಳುವುದು ಸಂಬಂಧಗಳಿಗೆ ಒಳ್ಳೆಯದಲ್ಲ.

ಅವನು ಬರುವುದರೊಳಗೆ ತೆರೆಯ ಮೇಲೆ ಇನ್ನೊಂದು ಪ್ರಶ್ನೆ ಮೂಡಬಹುದು: ಈ ಡಿಸ್ಕನ್ನು ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಸರ್ವನಾಶಕ್ಕೆ ಇಷ್ಟು ವಿನಯದಿಂದ ಅಪ್ಪಣೆ ಬೇಡುವ ವ್ಯವಸ್ಥೆ ಇನ್ನೊಂದಿಲ್ಲ. ಕೇಳಿದವರಿಗೆ ಇಲ್ಲ ಎನ್ನದ ಸಜ್ಜನರು ಇಲ್ಲೇ ಕೆಡುವುದು.

ಬಿಟ್‌ಲಾಕರ್ ಎಂಬ ಇನ್ನೊಂದು ಬಗೆಯಿದೆ. ಇಲ್ಲಿ ಡ್ರೈವ್ ಕಾಣುತ್ತದೆ, ಬೀಗ ಹಾಕಿಕೊಂಡಿರುತ್ತದೆ. ತೆರೆಯಲು 48 ಅಂಕಿಗಳ ಕೀಲಿ ಬೇಕು. ನೀವು ಹಾಕದ ಬೀಗ ಎಲ್ಲಿಂದ ಬಂತು ಎಂದು ಗಾಬರಿ ಬೇಡ. ಈಚಿನ ಲ್ಯಾಪ್‌ಟಾಪುಗಳಲ್ಲಿ ಅದು ತಾನಾಗಿಯೇ ಬೀಳುತ್ತದೆ. ಕೀಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಭದ್ರವಾಗಿರುತ್ತದೆ. ಆ ಖಾತೆಯನ್ನು ಲ್ಯಾಪ್‌ಟಾಪ್ ಮಾರಿದ ಅಂಗಡಿಯ ಹುಡುಗ ಅವಸರದಲ್ಲಿ ತೆರೆದಿರುತ್ತಾನೆ, ಪಾಸ್‌ವರ್ಡ್ ಅವನಿಗೆ ಗೊತ್ತಿರುತ್ತದೆ, ಅವನು ಈಗ ಆ ಅಂಗಡಿಯಲ್ಲಿರುವುದಿಲ್ಲ.

ಅಪ್‌ಡೇಟುಗಳು ಕಿತ್ತುಕೊಳ್ಳುವುದನ್ನಷ್ಟೇ ಬಲ್ಲವು ಎಂಬ ಅಪವಾದವನ್ನು ತಜ್ಞನಾಗಿ ನಾನು ಒಪ್ಪುವುದಿಲ್ಲ. 2018ರ ಏಪ್ರಿಲ್ ಅಪ್‌ಡೇಟ್ ಬಂದಾಗ ಅನೇಕರಿಗೆ ಹೊಸದೊಂದು ಡ್ರೈವೇ ದಕ್ಕಿತು. ಕಂಪ್ಯೂಟರ್ ತಯಾರಕರು ಬಚ್ಚಿಟ್ಟಿದ್ದ ರಿಕವರಿ ಪಾಲಿಗೆ ಅದು ಅಕ್ಷರ ದಯಪಾಲಿಸಿತ್ತು. ಒಡನೆಯೇ ‘ಜಾಗ ಸಾಲದು’ ಎಂಬ ಗೋಳೂ ಶುರುವಾಯಿತು. ಅದೇ ವರ್ಷ ಅಕ್ಟೋಬರಿನ ಅಪ್‌ಡೇಟ್ ಕೆಲವರ ಕಡತಗಳನ್ನು ಅಳಿಸಿ ಹಾಕಿ ಲೆಕ್ಕ ಸರಿದೂಗಿಸಿತು. ಕೆಲವೇ ದಿನಗಳಲ್ಲಿ ಅದರ ವಿತರಣೆ ನಿಲ್ಲಿಸಬೇಕಾಯಿತು.

ಶಾಸ್ತ್ರೀಯ ಉದಾಹರಣೆ ಮಾತ್ರ 2025ರ ಆಗಸ್ಟಿನದು. ಆ ತಿಂಗಳ ಭದ್ರತಾ ಅಪ್‌ಡೇಟ್ ಹಾಕಿಕೊಂಡ ಮೇಲೆ ದೊಡ್ಡ ಕಡತಗಳನ್ನು ಬರೆಯುವಾಗ ಎಸ್‌ಎಸ್‌ಡಿಗಳು ನಡುದಾರಿಯಲ್ಲೇ ಮಾಯವಾಗುತ್ತಿವೆ ಎಂದು ಜಪಾನಿನಿಂದ ಕೂಗೆದ್ದಿತು. ಹೆಚ್ಚು ತುಂಬಿದ ಡ್ರೈವುಗಳಿಗೇ ಅಪಾಯ ಎಂದೂ ಸುದ್ದಿಯಾಯಿತು. ಎಸ್‌ಎಸ್‌ಡಿಗಳಿಗೆ ಕಂಟ್ರೋಲರ್ ಚಿಪ್ ಮಾಡುವ ತೈವಾನಿನ ಫೈಸನ್ ಕಂಪನಿ 4,500 ಗಂಟೆಗೂ ಮಿಕ್ಕಿ ಪರೀಕ್ಷೆ ನಡೆಸಿ, ನಮ್ಮಲ್ಲಿ ಹಾಗೇನೂ ಆಗಲಿಲ್ಲ ಎಂದಿತು. ಅಪ್‌ಡೇಟಿಗೂ ಇದಕ್ಕೂ ನಂಟು ಕಾಣಲಿಲ್ಲ ಎಂದು ಮೈಕ್ರೋಸಾಫ್ಟೂ ಹೇಳಿತು. ಅಲ್ಲಿಗೆ ಡ್ರೈವ್ ಮಾಯವಾದವರು ಬಿಟ್ಟು ಉಳಿದವರೆಲ್ಲರ ಸಮಸ್ಯೆ ಬಗೆಹರಿದಂತಾಯಿತು. ಹೋಗುವಾಗ ಫೈಸನ್ ಒಂದು ಕಿವಿಮಾತನ್ನೂ ಹೇಳಿತು: ಭಾರೀ ಕೆಲಸ ಮಾಡಿಸುವಾಗ ಎಸ್‌ಎಸ್‌ಡಿಗೆ ಶಾಖ ಇಳಿಸುವ ಹೀಟ್‌ಸಿಂಕ್ ಹಾಕಿ. ರೋಗ ಗೊತ್ತಾಗದಿದ್ದರೂ ಪಥ್ಯ ಹೇಳಿ ಕಳಿಸಿದ ಈ ವೈದ್ಯ ಪರಂಪರೆಗೆ ನನ್ನ ಪೂರ್ಣ ಗೌರವವಿದೆ.

ಬ್ಯಾಕಪ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ; ನಮ್ಮ ಜನ ಅದರಲ್ಲಿ ಮುಂದಿದ್ದಾರೆ. ಸಿ ಯಲ್ಲಿದ್ದುದನ್ನು ಡಿ ಗೆ, ಡಿ ಯಲ್ಲಿದ್ದುದನ್ನು ಇ ಗೆ ಶ್ರದ್ಧೆಯಿಂದ ಕಾಪಿ ಮಾಡಿಡುತ್ತಾರೆ. ಮೂರೂ ಒಂದೇ ಡಿಸ್ಕಿನ ಪಾಲುಗಳಾದ್ದರಿಂದ ಹೋಗುವಾಗ ಯಾವುದೂ ಒಂಟಿಯಾಗಿ ಹೋಗಬೇಕಾಗಿಲ್ಲ. ಇನ್ನೂ ಮುಂದಾಲೋಚನೆಯವರು ಹೊರಗಿನ ಹಾರ್ಡ್ ಡಿಸ್ಕನ್ನೇ ಕೊಂಡು ತಂದು, ವರ್ಷವಿಡೀ ಅದನ್ನು ಕಂಪ್ಯೂಟರಿಗೆ ಚುಚ್ಚಿಯೇ ಇಟ್ಟಿರುತ್ತಾರೆ, ಅಪ್‌ಡೇಟ್ ಬಂದಾಗ ಅದಕ್ಕೆ ಪ್ರತ್ಯೇಕವಾಗಿ ಹುಡುಕುವ ತೊಂದರೆಯಾಗದಿರಲಿ ಎಂದು.