ದುಬೈ ಶುಕ್ರವಾರ, ಹೊನ್ನಾವರದ ಹೊಳವು

ಗಲ್ಫಿನ ಶಾಲೆಗಳಿಗೆ ಬೇಸಿಗೆ ರಜೆ ಜುಲೈ-ಆಗಸ್ಟಿನಲ್ಲಿ. ಅಲ್ಲಿ ನೆತ್ತಿ ಸುಡುವ ಆ ಎರಡು ತಿಂಗಳು ಇಲ್ಲಿ, ಭಟ್ಕಳದಿಂದ ಕುಮಟೆಯವರೆಗೆ, ಕೊಡೆ ಮಡಚಲು ಬಿಡುವುದಿಲ್ಲ. ಹೀಗಾಗಿ ಈ ಸೀಮೆಯ ದುಬೈ ಮಕ್ಕಳ ಪಾಲಿಗೆ ಅಜ್ಜನ ಮನೆಯೆಂದರೆ ಚಡ್ಡಿಗೂ ಹೊಗೆಯ ವಾಸನೆ ಬರುವ ಊರು.

ಅವರ ಅಪ್ಪಂದಿರಿಗೆ ಮಾತ್ರ ಮಳೆ ಎಂದರೆ ಪ್ರಾಣ. ಹೊನ್ನಾವರದ ಹತ್ತಿರದ ಅಡಿಕೆ ತೋಟವೊಂದರಿಂದ ಹೋಗಿ ದುಬೈಯಲ್ಲಿ ನೆಲೆಸಿದ ತಮ್ಮಣ್ಣ ಎಂಬ ಮಹಾಶಯರೊಬ್ಬರು ಹಾಗೇ. ಮನೆಯಲ್ಲಿ ಅವರಿಗಿನ್ನೂ ‘ತಮಾ’ ಎಂದೇ ಹೆಸರು. 2024ರ ಏಪ್ರಿಲ್ 16ರ ಆಸುಪಾಸಿನ 24 ಗಂಟೆಗಳಲ್ಲಿ ದುಬೈ ವಿಮಾನ ನಿಲ್ದಾಣದಲ್ಲಿ 142 ಮಿ.ಮೀ. ಮಳೆ ಸುರಿದು, ಸರ್ಕಾರಿ ನೌಕರರಿಗೆ ಮನೆಯಿಂದಲೇ ಕೆಲಸ ಮಾಡಿ ಎಂದು ಆದೇಶವಾದಾಗ ಅವರು ಆಯಿಗೆ ಫೋನ್ ಮಾಡಿ ವೀರಾವೇಶದಿಂದ ವರ್ಣಿಸಿದ್ದರು. ಜುಲೈ ಒಂದರಲ್ಲೇ ಸಾವಿರ ಮಿ.ಮೀ. ಆಸುಪಾಸು ಮಳೆ ಕಾಣುವ ಊರಿನ ಆಯಿ ಕೇಳಿದ್ದು ಇಷ್ಟೆ: “ಅದೂ ಒಂದು ಮಳೆಯನೋ ತಮಾ?”

ಈ ಸಲ ರಜೆಯ ಜೊತೆ ಲ್ಯಾಪ್‌ಟಾಪೂ ಬಂದಿತ್ತು. ದುಬೈ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ. ಅಲ್ಲಿಯ ಒಂಬತ್ತೆಂದರೆ ಇಲ್ಲಿಯ ಹತ್ತೂವರೆ. ಒಂದು ಶುಕ್ರವಾರ ಸರಿಯಾಗಿ ಹತ್ತೂವರೆಗೆ ಕರೆಂಟು ಹೋಯಿತು. ಇನ್ವರ್ಟರಿನ ಜೀವ ಹಿಂದಿನ ರಾತ್ರಿಯೇ ಹೋಗಿತ್ತು. ಫೋನಿನ ಸಿಗ್ನಲ್ ಕೊಟ್ಟಿಗೆಯ ತಗಡಿನ ಮಾಡಿನಡಿ ಮಾತ್ರ. ಮೀಟಿಂಗಿನಲ್ಲಿ ಇವರು ಬಾಯಿ ಬಿಟ್ಟಾಗಲೆಲ್ಲ ತಗಡಿನ ಮೇಲೆ ಮಳೆ ಬಡಿದು, ಆಚೆಯವರು “ಯಾವ ಫ್ಯಾಕ್ಟರಿಯಲ್ಲಿದ್ದೀರಿ?” ಎಂದು ವಿಚಾರಿಸಿದರು. ಅಷ್ಟರಲ್ಲಿ ಎಮ್ಮೆಯೂ ತನ್ನ ಅಭಿಪ್ರಾಯ ಮಂಡಿಸಿತು.

ಒಳಗೆ ಇನ್ನೊಂದು ಗಲಾಟೆ. ಭಾರಿ ಮಳೆಯೆಂದು ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಕೊಟ್ಟಿದ್ದರು. ಚಿಕ್ಕಪ್ಪನ ಮಕ್ಕಳು ಕುಣಿಯುತ್ತಿದ್ದರು. ಮೊದಲೇ ರಜೆಯಲ್ಲಿದ್ದ ದುಬೈ ಮಕ್ಕಳಿಗೆ ತಮಗೇನೋ ಮೋಸವಾಯಿತು ಅನ್ನಿಸಿ ಮುಖ ಊದಿತ್ತು.

ಎಮಿರೇಟ್ಸಿನಲ್ಲಿ 2022ರಿಂದ ವಾರದ ರಜೆ ಶನಿವಾರ-ಭಾನುವಾರ, ಶುಕ್ರವಾರ ಅರ್ಧ ದಿನ. ಅಲ್ಲಿ ಹನ್ನೆರಡಾದರೆ ಇಲ್ಲಿ ಒಂದೂವರೆ. ಊಟ, ಒಂದು ಕೋಳಿನಿದ್ದೆ, ಮೂರಕ್ಕೆ ಎಲ್ಲರೂ ಮುರ್ಡೇಶ್ವರಕ್ಕೆ ಎಂದು ತಮ್ಮಣ್ಣ ಫೋನಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದರು.

ಅಪ್ಪಯ್ಯನ ಕ್ಯಾಲೆಂಡರು ಆಕಾಶದಲ್ಲಿತ್ತು. ಅಡಿಕೆಗೆ ಕೊಳೆರೋಗದ ಕಾಲ. ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಸಲು ಮಳೆ ಬಿಟ್ಟ ಒಂದು ಹೊಳವು ಬೇಕು, ಹೊಳವಾದಾಗ ಮರವೇರಿ ಹೊಡೆಯುವ ಕೊನೆಗೌಡ ಬೇಕು. ಊರಿಗೆಲ್ಲ ಇರುವವನೇ ಒಬ್ಬ. ದುಬೈ ಕಂಪನಿಯ ಎಂ.ಡಿ. ಸಿಕ್ಕಾನು, ಕೊನೆಗೌಡ ಸಿಗಲಾರ. ಮೂರಕ್ಕೆ ಸೀರೆ ಉಟ್ಟು, ಪೌಡರು ಹಾಕಿ ಎಲ್ಲರೂ ಕಾರು ಹತ್ತುವ ಹೊತ್ತಿಗೆ ಪಡುವಣ ಬೆಳ್ಳಗಾಯಿತು. ಗೇಟಿನಲ್ಲಿ ಕೊನೆಗೌಡ! ಅಪ್ಪಯ್ಯ ಹೊಸ ಪಂಚೆಯಲ್ಲೇ ಕೆಳಗಿಳಿದರು. “ನಿಂಗ ಹೋಗಿ ಬನ್ನಿ. ಯಂಗೆ ತೋಟದಲ್ಲಿ ಕೆಲಸ ಇದ್ದು.”

ಮುರ್ಡೇಶ್ವರ ತಲುಪುವಾಗ ಹೊಳವು ಮುಗಿದಿತ್ತು. ಸಮುದ್ರಕ್ಕೆ ಇಳಿಯಲು ಬಿಡುತ್ತಿರಲಿಲ್ಲ. ಜೂನ್, ಜುಲೈ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ, ದೋಣಿಗಳೆಲ್ಲ ದಡದಲ್ಲಿ. ರಾಜಗೋಪುರದ ಲಿಫ್ಟಿನಲ್ಲಿ ಮೇಲೆ ಹೋಗಿ ಕಿಂಡಿಯಲ್ಲಿ ಇಣುಕಿದರೆ 123 ಅಡಿಯ ಶಿವ ಮೋಡದಲ್ಲಿ ಅರ್ಧ ಮಾತ್ರ ಇದ್ದ. 828 ಮೀಟರಿನ ಬುರ್ಜ್ ಖಲೀಫಾ ದಿನವೂ ಕಾಣುವ ಮಗನಿಗೆ ಲಿಫ್ಟು ರುಚಿಸಲಿಲ್ಲ. ಕೆಳಗೆ ಬಿಟ್ಟ ಚಪ್ಪಲಿ ನೀರಿನಲ್ಲಿ ತೇಲಿ ಹೋಗುತ್ತಿದ್ದುದು ಮಾತ್ರ ಬಹಳ ಹಿಡಿಸಿತು.

ಅಲ್ಲಿಂದ ಭಟ್ಕಳ. ಆಯಿಗೆ ಮಲ್ಲಿಗೆ ಬೇಕಿತ್ತು. ಮಳೆಗಾಲದ ದರ ಕೇಳಿ ಅರ್ಧ ಮೊಳಕ್ಕೆ ಸಮಾಧಾನಪಟ್ಟರು. ತಮ್ಮಣ್ಣನಿಗೆ ಬೇರೆಯೇ ಕೆಲಸವಿತ್ತು. ತಂದ ಚಾಕಲೇಟೆಲ್ಲ ಖಾಲಿಯಾಗಿ, ಕುಮಟೆಯ ಅತ್ತೆಗೆ ಏನೂ ಉಳಿದಿರಲಿಲ್ಲ. ಭಟ್ಕಳದ ನವಾಯತರಿಗೂ ಗಲ್ಫಿಗೂ ತಲೆಮಾರುಗಳ ನಂಟು. ದುಬೈಯ ಅತ್ತರು, ಖರ್ಜೂರ, ಚಾಕಲೇಟು ಪೇಟೆಯಲ್ಲೇ ಸಿಗುತ್ತವೆ. ಅಂಗಡಿಯಾತ ಗಿರಾಕಿಯ ಕೈಗಡಿಯಾರ ನೋಡಿ ನಕ್ಕ. “ಸರ್, ದುಬೈಯ ಡೇರಾದಲ್ಲಿ ಇದು ಇನ್ನೂ ಕಡಿಮೆಗೆ ಸಿಗ್ತದಲ್ಲ?”

ಅಷ್ಟರಲ್ಲಿ ಅಪ್ಪಯ್ಯನ ಫೋನು. ಅರ್ಧ ತೋಟಕ್ಕೆ ಔಷಧ ಆಗುವಷ್ಟರಲ್ಲಿ ಮಳೆ ಹಿಡಿಯಿತಂತೆ. “ಮೈಲುತುತ್ತ ತಗಂಬಾ. ನಾಳೆ ಬೆಳಿಗ್ಗೆ ಆರಕ್ಕೇ ಕೊನೆಗೌಡ ಬತ್ತ.” ಡಿಕ್ಕಿಯಲ್ಲಿ ಚಾಕಲೇಟಿನ ಪಕ್ಕ ಮೈಲುತುತ್ತ ಕೂತಿತು. ರೂಪಾಯಿಯ ಬೆಲೆಚೀಟಿಯನ್ನು ಉಗುರಿನಿಂದ ಕೆರೆದು ಕೀಳುವ ಗುಟ್ಟಿನ ಕೆಲಸ ಮಗನಿಗೆ ಬಿತ್ತು.

ಶನಿವಾರ ದುಬೈಗೆ ರಜೆ. ತಮ್ಮಣ್ಣ ಬರ್ಮುಡಾ ಹಾಕಿ ಡ್ರಮ್ಮಿನಲ್ಲಿ ಸುಣ್ಣ ಕದಡಿದರು. ಮಗ ಅಜ್ಜ ಹೇಳಿದಂತೆ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ತೆಗೆದ; ಅಲಗು ತಾಮ್ರದ ಬಣ್ಣಕ್ಕೆ ತಿರುಗಿತ್ತು. ಸುಣ್ಣ ಸಾಲದು ಎಂದು ತೀರ್ಪು ಕೊಟ್ಟು, ಅಪ್ಪನಿಂದ ಮತ್ತೊಮ್ಮೆ ಕದಡಿಸಿದ.

ಭಾನುವಾರ ಕುಮಟೆಯಲ್ಲಿ ಅತ್ತೆ ಚಾಕಲೇಟಿನ ಡಬ್ಬಿ ತಿರುಗಿಸಿ, ಚೀಟಿ ಕಿತ್ತ ಜಾಗದ ಅಂಟನ್ನು ಬೆರಳಲ್ಲಿ ಮುಟ್ಟಿ ನೋಡಿದರು.

“ಭಟ್ಕಳದಲ್ಲಿ ಈಗ ಇದಕ್ಕೆ ಎಷ್ಟನೋ ತಮಾ?”