ಗೃಹಬದ್ಧ ಶಿಶುವ್ಯಾಪೃತಿ ಮೀಮಾಂಸೆ

ಒಂದರಿಂದ ಮೂರು ವರ್ಷದೊಳಗಿನ, ಎರಡು ಕಾಲಿನ, ನಿದ್ರಾದ್ವೇಷಿಯಾದ ಜೀವಿಗೆ ಲೋಕದಲ್ಲಿ ‘ಪುಟ್ಟ’ ಅಥವಾ ‘ಪುಟ್ಟಿ’ ಎಂಬ ಸಂಜ್ಞೆ ರೂಢಿಯಲ್ಲಿದೆ. ಜಡಿಮಳೆ ಹಿಡಿದು ಹೊರಗೆ ಕಾಲಿಡಲಾಗದ ದಿನ ಈ ಜೀವಿಯನ್ನು ಮನೆಯೊಳಗೇ ತೊಡಗಿಸುವುದು ಪ್ರಸ್ತುತ ಶಾಸ್ತ್ರದ ವಿಷಯ. ಬಿಸಿ ಕಾಫಿಯನ್ನು ಬಿಸಿಯಿರುವಾಗಲೇ ಕುಡಿಯುವುದು ಪ್ರಯೋಜನ. ಅಪ್ಪ, ಅಮ್ಮ, ಅಜ್ಜಿ, ತಾತ ಅಧಿಕಾರಿಗಳು. ಮಕ್ಕಳಿಲ್ಲದ ಬಂಧುಗಳಿಗೆ ಸಲಹೆ ಕೊಡುವಷ್ಟು ಮಾತ್ರ ಅಧಿಕಾರವುಂಟು.

ಸೂತ್ರ 1: ಆಟಿಕೆಗಿಂತ ಪಾತ್ರೆ ಬಲವತ್ತರ.

ಪೂರ್ವಪಕ್ಷ: ಹಾಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಕೊಟ್ಟ ಚನ್ನಪಟ್ಟಣದ ಗೊಂಬೆಗಳಿರುವಾಗ ಜುಜುಬಿ ಸೌಟೇಕೆ? ಸಿದ್ಧಾಂತ: ಗೊಂಬೆಯ ಯೋಗ್ಯತೆ ನಿರ್ವಿವಾದ; ಆದರೆ ಅಮ್ಮ ಅದರಿಂದ ಸಾರು ಬಡಿಸುವುದಿಲ್ಲ. ದೊಡ್ಡವರ ಕೈಯಲ್ಲಿರುವುದೇ ಬೇಕು ಎಂಬುದು ಶಿಶುಮತ. ಮಾರಿಯಾ ಮಾಂಟೆಸ್ಸೋರಿ 1907ರಲ್ಲಿ ರೋಮಿನಲ್ಲಿ ‘ಮಕ್ಕಳ ಮನೆ’ ತೆರೆದಾಗ ಅಲ್ಲಿಯ ಮಕ್ಕಳೂ ಆಟಿಕೆಗಳನ್ನು ಬದಿಗೊತ್ತಿ ಕೆಲಸದ ಸಾಮಗ್ರಿಗೇ ಕೈಹಾಕಿದರು. ಆಕೆ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಅದಕ್ಕೂ ಮೊದಲೇ ನಮ್ಮ ಅಜ್ಜಿಯರು ಮಗುವಿನ ಮುಂದೆ ಖಾಲಿ ಡಬ್ಬಿ ಉರುಳಿಸಿದ್ದರು; ಸರ್ಟಿಫಿಕೇಟು ಕೊಟ್ಟಿರಲಿಲ್ಲ, ಅಷ್ಟೆ.

ಪ್ರಯೋಗವಿಧಿ: ಅಡುಗೆಮನೆಯ ಕೆಳಗಿನ ಒಂದು ಖಾನೆಯನ್ನು ಮಗುವಿಗೆ ದತ್ತಿ ಬಿಡುವುದು. ಅದರಲ್ಲಿ ಸ್ಟೀಲಿನ ಡಬ್ಬಿಗಳು, ಮುಚ್ಚಳಗಳು, ಒಂದು ಮರದ ಸೌಟು. ಯಾವ ಮುಚ್ಚಳ ಯಾವ ಡಬ್ಬಿಯದೆಂಬುದು ದೊಡ್ಡವರಿಗೂ ಬಗೆಹರಿಯದ ಪ್ರಶ್ನೆಯಾದ್ದರಿಂದ ಸಂಶೋಧನೆ ದೀರ್ಘವಾಗಿ ನಡೆಯುತ್ತದೆ. ಸದ್ದಿಗೆ ಬೇಸರಿಸಬಾರದು. ಸದ್ದು ನಿಂತಾಗ ಓಡತಕ್ಕದ್ದು.

ಸೂತ್ರ 2: ಪತನವೇ ಪರೀಕ್ಷೆ.

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಪಿಯಾಜೆ ತಮ್ಮ ಮೂವರು ಮಕ್ಕಳನ್ನೇ ಗಮನಿಸಿ ಗ್ರಂಥ ಬರೆದವರು. ವಸ್ತುವನ್ನು ಮತ್ತೆಮತ್ತೆ, ಬೇರೆಬೇರೆ ಬಗೆಯಲ್ಲಿ ಬೀಳಿಸುವ ಮಗು ಪ್ರಯೋಗ ನಡೆಸುತ್ತಿದೆ ಎಂಬುದು ಅವರ ಮತ. ತಂಟೆ ಮಾಡುತ್ತಿದೆ ಎಂಬುದು ಕೆಳಗಿನ ಮನೆಯವರ ಮತ. ಸಮನ್ವಯ ಹೀಗೆ: ಕಾಲುಚೀಲಗಳನ್ನು ಉಂಡೆ ಮಾಡಿ ಕೊಡಿ, ಎದುರಿಗೆ ಖಾಲಿ ಬಕೆಟ್ ಇಡಿ. ಬಿದ್ದದ್ದನ್ನು ಎತ್ತಿಕೊಡುವ ಸಹಾಯಕ ಸಂಶೋಧಕರು ನೀವೇ. ಗೌರವಧನವಿಲ್ಲ.

ಸೂತ್ರ 3: ನೀರಿದ್ದಲ್ಲಿ ನೆಲೆ.

ಬಚ್ಚಲಿನಲ್ಲಿ ಅಗಲವಾದ ತಟ್ಟೆ, ಎರಡು ಪುಟ್ಟ ಲೋಟ, ಒಂದಿಷ್ಟು ನೀರು. ನೀರು ಈ ಲೋಟದಿಂದ ಆ ಲೋಟಕ್ಕೆ, ಅಲ್ಲಿಂದ ನೆಲಕ್ಕೆ, ನೆಲದಿಂದ ಅಂಗಿಗೆ ಸಂಚರಿಸುತ್ತದೆ. ಕೈಗೊಂದು ಒರೆಸುವ ಬಟ್ಟೆ ಕೊಟ್ಟರೆ ಮುಂದಿನ ಆಟ ಅಲ್ಲೇ ಶುರು.

ನಿಷೇಧ ಪ್ರಕರಣ: ಕಡಲೆಬೀಜ, ಅವರೆಕಾಳು, ನಾಣ್ಯ, ಅಂಗಿಯ ಗುಂಡಿ, ಬಟನ್ ಬ್ಯಾಟರಿ ಇವು ಕೈಗೆ ಸಿಕ್ಕರೆ ಬಾಯಿಗೆ ಹೋಗುತ್ತವೆ, ಗಂಟಲಿಗೆ ಸಿಕ್ಕರೆ ಪ್ರಾಣಕ್ಕೆ ಸಂಚಕಾರ. ನೀರಿನ ಬಳಿ ಮಗುವನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡಬಾರದು. ಇಲ್ಲಿ ಪೂರ್ವಪಕ್ಷಕ್ಕೆ ಅವಕಾಶವೇ ಇಲ್ಲ.

‘ಮೊಬೈಲು ಕೊಟ್ಟರೆ ಮುಗಿಯಿತಲ್ಲ?’ ಎನ್ನುವ ಪಂಥವೊಂದುಂಟು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ತೀರ್ಪು ಕೊಟ್ಟಿದೆ: ಒಂದು ವರ್ಷದ ಮಗುವಿಗೆ ಪರದೆ ಬೇಡ, ಎರಡು ತುಂಬಿದ ಮೇಲೂ ದಿನಕ್ಕೆ 1 ಗಂಟೆ ಮೀರಬಾರದು. ಮೊಬೈಲು ಬ್ರಹ್ಮಾಸ್ತ್ರ. ಪ್ರಯೋಗಿಸುವುದು ಅಶ್ವತ್ಥಾಮನಿಗೂ ಬರುತ್ತಿತ್ತು, ಹಿಂತೆಗೆಯುವುದು ಬರುತ್ತಿರಲಿಲ್ಲ.

ಫಲಶ್ರುತಿ: ಸೂತ್ರಗಳೆಲ್ಲದರ ಸಾರ ಒಂದೇ. ಮಗುವಿಗೆ ಬೇಕಾದದ್ದು ನಿಮ್ಮ ಕೆಲಸದಲ್ಲಿ ಒಂದು ಪಾಲು. ನಾಳೆ ಒಗೆದ ಬಟ್ಟೆ ಮಡಿಸಲು ಕೂತಾಗ ಕರ್ಚೀಫುಗಳ ಗುಡ್ಡೆಯನ್ನು ಅದರ ವಶಕ್ಕೆ ಬಿಡಿ. ಅದು ಮಡಿಸಿದ್ದನ್ನು ಅದರ ಕಣ್ಣೆದುರೇ ಬಿಚ್ಚಿ ಮತ್ತೆ ಮಡಿಸಬೇಡಿ.