ಘಟ್ಟ ಇಳಿಯುವ ಲೋಭಿ

ಮುಂಡಗೋಡದ ಟಿಬೆಟನ್ ಕಾಲೊನಿಯಿಂದ ಯಲ್ಲಾಪುರದ ಮೇಲೆ ಅಂಕೋಲೆಗೆ ಹೊರಟ ಹೈಬ್ರಿಡ್ ಕಾರು, ಅಂದರೆ ಪೆಟ್ರೋಲ್ ಎಂಜಿನ್ನನ್ನೂ ವಿದ್ಯುತ್ ಮೋಟಾರನ್ನೂ ಒಟ್ಟಿಗೆ ಸಾಕಿಕೊಂಡ ವಾಹನವು, ಅಪ್ಪಟ ಲೋಭಿಯಂತೆ ವರ್ತಿಸುತ್ತದೆ; ಬ್ರೇಕ್ ಒತ್ತಿದಾಗಲೆಲ್ಲ ಅದರ ಮೋಟಾರು ಜನರೇಟರಾಗಿ ಮಾರ್ಪಟ್ಟು, ಓಟದ ಶಕ್ತಿಯನ್ನು ಬ್ಯಾಟರಿಗೆ ಜಮಾ ಮಾಡುತ್ತದೆ. ಆದರೆ ಅರಬೈಲು ಘಟ್ಟದ ದೀರ್ಘ ಇಳಿಜಾರಿನಲ್ಲಿ ಬ್ಯಾಟರಿ ತುಂಬಿಹೋದರೆ ಜಮಾ ಮಾಡಲು ಜಾಗವೇ ಉಳಿಯದು. ಆಗ ಗೇರನ್ನು ‘ಬಿ’ ಸ್ಥಾನಕ್ಕೆ ತಂದರೆ, ಎಂಜಿನ್ನು ಪೆಟ್ರೋಲ್ ಕುಡಿಯದೆ ಬರಿಯ ಗಾಳಿಯನ್ನು ಹಿಂಡುತ್ತ, ತಾನು ತಿರುಗಲು ಒಡ್ಡುವ ಪ್ರತಿರೋಧದಿಂದಲೇ ವೇಗವನ್ನು ತಡೆದು, ಬ್ರೇಕುಗಳು ಅತಿಯಾಗಿ ಕಾಯದಂತೆ ನೋಡಿಕೊಳ್ಳುತ್ತದೆ. ಇದೇ ಎಂಜಿನ್ ಬ್ರೇಕಿಂಗ್. ಆಗ ಎಂಜಿನ್ನು ಎಬ್ಬಿಸುವ ಆರ್ಭಟವನ್ನು ಕೇಳಿದ ಮಾಲೀಕನು, ಒಂದು ಹನಿಯೂ ಸುಡದ ಹೊತ್ತಿನಲ್ಲೇ ಪೆಟ್ರೋಲಿಗಾಗಿ ಅತ್ಯಧಿಕವಾಗಿ ಮರುಗುವುದು ಯಂತ್ರಶಾಸ್ತ್ರವು ಇನ್ನೂ ಹೆಸರಿಡದ ಪರಿಣಾಮವಾಗಿದೆ.